ಕುದಿಸಿದ್ರೆ ಹೋಗ್ತತೇನವ್ವ?

ಓದುಗರ ಪತ್ರ: ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಜಗಳೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶ ಅಳೆಯುತ್ತಿದ್ದೇನೆ. ಲ್ಯಾಬ್ ಕೆಲಸ ಇಷ್ಟ. ಆದರೆ ಸೆಮಿನಾರ್‌ನಲ್ಲಿ ಸ್ಲೈಡ್ ನೋಡಿ ಓದಿದೆ, ಒಂದು ಪ್ರಶ್ನೆಗೂ ಬಾಯಿ ಬರಲಿಲ್ಲ. ನೀರು ಕೊಟ್ಟ ಅಜ್ಜಿಗೆ ‘ಫ್ಲೋರೈಡ್ ಜಾಸ್ತಿ ಇದೆ’ ಅಂದೆ. ‘ಕುದಿಸಿದ್ರೆ ಹೋಗ್ತತೇನವ್ವ?’ ಅಂದರು. ಅಲ್ಲೂ ತಡವರಿಸಿದೆ. ಮಾತು ಬಾರದವರು ಸಂಶೋಧನೆ ಮಾಡಬಾರದೇ?

ಸಂಪಾದಕರ ಉತ್ತರ: ಖಂಡಿತ ಮಾಡಬೇಕು. ಇಷ್ಟು ನೇರವಾಗಿ ಪತ್ರ ಬರೆದವರಿಗೆ ಮಾತು ಬರುವುದಿಲ್ಲ ಅಂತ ನಾನು ಒಪ್ಪುವುದಿಲ್ಲ. ಬಿಡಿಸಿ ಹೇಳುವುದೂ ಸಂಶೋಧನೆಯ ಒಳಗಿನದೇ ಕೆಲಸ, ಅದನ್ನು ಯಾರೂ ನಿಮಗೆ ಕಲಿಸಿಲ್ಲ, ಅಷ್ಟೆ.

ಅಜ್ಜಿಯಿಂದಲೇ ಶುರು ಮಾಡೋಣ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಹಾಗಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ‘ನೀರು ಸರಿಯಿಲ್ಲ’ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವುದೇ ಕುದಿಸುವುದು, ಅಲ್ವಾ? ನಿಮ್ಮ ಅಳತೆ ಸರಿಯಿತ್ತು. ಆದರೂ ಆ ಮನೆಗೆ ಅದರಿಂದ ಏನೂ ಸಿಗಲಿಲ್ಲ.

‘ಜಾಸ್ತಿ’ ಅಂದರೆ ಎಷ್ಟು? ನಮ್ಮ ದೇಶದ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ. ಕುಡಿಯೋಕೆ, ಅಡಿಗೆಗೆ ಆರ್‌ಓ (ನೀರು ಶುದ್ಧೀಕರಿಸುವ) ಘಟಕದ ನೀರು, ಬಟ್ಟೆ ಒಗೆಯೋಕೆ ಬೋರ್ ನೀರು. ಇಷ್ಟು ಅಜ್ಜಿಗೆ ಹೇಳಬಹುದಿತ್ತು.

ಇನ್ನು ನೋಟ್‌ಬುಕ್. ‘ಬೋರ್ ನೀರು, 1.8’ ಅಂತ ಬರೆದ ಪುಟ ಆರು ತಿಂಗಳಾದ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ಯಾವ ದಿನ, ಯಾರ ಹೊಲದ ಬೋರ್, ಎಷ್ಟು ಅಡಿ ಆಳ? ಬಾಟಲಿ ಪ್ಲಾಸ್ಟಿಕ್‌ದೇ ತಾನೆ? ಫ್ಲೋರೈಡಿಗೆ ಗಾಜು ಆಗಿಬರುವುದಿಲ್ಲ. ಯಾವ ವಿಧಾನ, ಅದೇ ನೀರನ್ನು ಮೂರು ಸಲ ಅಳೆದಾಗ ಬಂದ ಮೂರು ಅಂಕಿ ಯಾವುವು, ಹೋಲಿಕೆಗೆ ಬರೀ ಡಿಸ್ಟಿಲ್ಡ್ ನೀರಿಟ್ಟಾಗ ಎಷ್ಟು ಬಂತು? ಎಲ್ಲ ಅಲ್ಲೇ, ಆಗಲೇ ಬರೆಯಿರಿ. ನನ್ನ ಓದಿನ ದಿನಗಳಲ್ಲಿ ಬಿಡಿ ಹಾಳೆಗಳಲ್ಲಿ ಬರೆದಿಟ್ಟ ಒಂದು ತಿಂಗಳ ಅಳತೆಗಳನ್ನು ಕೈಬಿಡಬೇಕಾಯಿತು. ಯಾವುದು ಯಾವ ದಿನದ್ದು ಅಂತ ತಿಳಿಯಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಸೆಮಿನಾರ್‌ನಲ್ಲಿ ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಈ ಪುಟದಲ್ಲೇ ಇರುತ್ತದೆ.

ಸ್ಲೈಡಿನಲ್ಲಿ ಎಲ್ಲವನ್ನೂ ತುಂಬಬೇಡಿ. ಡಿಎನ್‌ಎ ರಚನೆ ಹೇಳಿದ ವಾಟ್ಸನ್, ಕ್ರಿಕ್ ಅವರ ಲೇಖನ 1953ರ ಏಪ್ರಿಲ್ 25ರಂದು ‘ನೇಚರ್’ನಲ್ಲಿ ಬಂದಾಗ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಚಿತ್ರ ಒಂದೇ. ನಿಮಗೂ ಒಂದು ಗ್ರಾಫ್ ಸಾಕು. ಅದನ್ನು ಹಾಸ್ಟೆಲ್‌ನಲ್ಲಿ ಕಾಮರ್ಸ್ ಓದುವ ಗೆಳತಿಗೆ ಮೊದಲು ಕನ್ನಡದಲ್ಲಿ ಹೇಳಿ. ಅವಳು ‘ತಡಿ, ಇದೇನು?’ ಅಂದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಹೆಚ್ಚಿನ ಸಲ ಅಲ್ಲಿ ನಮಗೂ ಸರಿಯಾಗಿ ಅರ್ಥವಾಗಿರುವುದಿಲ್ಲ. ಇಂಗ್ಲಿಷ್ ಆಮೇಲೆ. ‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಅನ್ನುವುದೂ ಒಳ್ಳೆಯ ಉತ್ತರವೇ, ಮರುದಿನ ನೋಡಿ ಹೇಳಿದರೆ.

ಜಗಳೂರಿಗೆ ಮತ್ತೆ ಹೋದಾಗ ಅಜ್ಜಿಯ ಮನೆಗೂ ಹೋಗಿ. ‘ನಿಮ್ಮೂರ ನೀರು’ ಅನ್ನಬೇಡಿ, ‘ಈ ಬೋರ್ ನೀರು’ ಅನ್ನಿ, ನೀವು ಅಳೆದದ್ದು ಅದನ್ನೇ. ಕೂತು ನಿಧಾನವಾಗಿ ಹೇಳಿ. ಅವರು ಮುಂದೆ ಏನು ಕೇಳಿದರು ಅಂತ ನಮಗೆ ಬರೆಯಿರಿ. ಪತ್ರಿಕೆಯಲ್ಲಿ ಜಾಗ ಇಟ್ಟುಕೊಂಡು ಕಾಯುತ್ತೇನೆ.