ಟಿಕೆಟ್ ಕೊಂಡರೆ ಸಾಲದು, ದಿನವನ್ನೂ ಕಾಯ್ದಿರಿಸಿ
ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಏಜೆಂಟರ ಮೂಲಕ ಟಿಕೆಟ್ ಕೊಂಡಾಗಿದೆ, ಕ್ರಿಸ್‌ಮಸ್ ವಾರಕ್ಕೆ ಬೇರೆಯಾಗಿ ಕಾಯ್ದಿರಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ, ಇಂದೇ ಮಾಡಿ. ಬೇಡವೆಂದ ನಿಮ್ಮ ಸ್ನೇಹಿತರು ಫ್ಲೋರಿಡಾದ ಡಿಸ್ನಿ ವರ್ಲ್ಡ್ ಮಾತು ಹೇಳಿರಬೇಕು. ದಿನಾಂಕ ನಮೂದಾದ ಟಿಕೆಟ್‌ಗಳಿಗೆ 2024ರ ಜನವರಿಯಿಂದ ಅಲ್ಲಿ ಈ ರಗಳೆಯಿಲ್ಲ. ನೀವು ಹೋಗುವ ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ನಲ್ಲಿ ಟಿಕೆಟ್ ಬೇರೆ, ಕಾಯ್ದಿರಿಸುವುದು ಬೇರೆ.

ಡಿಸ್ನಿಲ್ಯಾಂಡ್ ಆ್ಯಪ್‌ನಲ್ಲಿ ನಿಮ್ಮ ಖಾತೆಗೆ ಎಲ್ಲರ ಟಿಕೆಟ್ ಸಂಖ್ಯೆಗಳನ್ನೂ ಸೇರಿಸಿ, ಇಡೀ ಕುಟುಂಬಕ್ಕೆ ಒಟ್ಟಿಗೇ ದಿನ ಆರಿಸಿ. ಒಬ್ಬೊಬ್ಬರೇ ಮಾಡಹೊರಟರೆ ಅಮ್ಮನಿಗೊಂದು ದಿನ, ಅಪ್ಪನಿಗೊಂದು ದಿನ ಸಿಕ್ಕೀತು! ಒಂದೇ ದಿನ ಅಲ್ಲಿನ ಎರಡೂ ಪಾರ್ಕ್‌ಗಳಿಗೆ ಹೋಗಬಹುದಾದ ಪಾರ್ಕ್ ಹಾಪರ್ ಟಿಕೆಟ್ ಆಗಿದ್ದರೆ ಮೊದಲು ಹೋಗುವ ಪಾರ್ಕನ್ನು ಕಾಯ್ದಿರಿಸಿ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟೂ ಬೇಡ, ಕಾಯ್ದಿರಿಸುವುದೂ ಬೇಡ. ವಿಮಾನ ಇಳಿದ ಮರುದಿನವನ್ನಂತೂ ಆರಿಸಬೇಡಿ. ತೂಕಡಿಸುವ ಹಿರಿಯರನ್ನು ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.