ಲೆಕ್ಕ ತೆಗೆಯದ ಕ್ಷಮೆ

ಕ್ರೈಸ್ತ ಕುಟುಂಬಗಳಿಂದ ಆಪ್ತಸಲಹೆಗೆ ಬರುವವರಲ್ಲಿ ಒಂದು ಬಗೆಯವರಿದ್ದಾರೆ. ಅವರು ಬೇರೆಯವರ ಮೇಲೆ ದೂರು ಹೇಳುವುದಿಲ್ಲ, ತಮ್ಮ ಮೇಲೆ ತಾವೇ ದೂರು ಹೊತ್ತು ಬಂದಿರುತ್ತಾರೆ. "ನನ್ನಿಂದ ಕ್ಷಮಿಸಲು ಆಗುತ್ತಿಲ್ಲ, ನನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆ" ಎಂದು ಮಾತು ಶುರುಮಾಡುತ್ತಾರೆ. ಅವರಿಗೆ ಯಾರು ಏನು ಮಾಡಿದರು ಎಂಬುದು ಕೆದಕಿ ಕೇಳಿದರಷ್ಟೇ ಹೊರಬರುತ್ತದೆ. ಇಂಥ ಪ್ರಕರಣಗಳು ಮರುಕಳಿಸುತ್ತಲೇ ಇವೆ. ನಾನು ಕೊಡುವ ಸಲಹೆಗೆ ಕೆಲವು ಸಭಾಪಾಲಕರ (ಪಾಸ್ಟರ್‌ಗಳ) ಆಕ್ಷೇಪವೂ ಇದೆ. ಹಾಗಾಗಿ ಒಂದು ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ಸುಶೀಲಾ ಎಂದು ಕರೆಯುತ್ತೇನೆ. ನಲವತ್ತು ದಾಟಿದವರು, ಒಂಟಿಯಾಗಿ ದುಡಿದು ಬದುಕಿದವರು. ದೂರದಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ಸಂಬಳದ ಬಹುಪಾಲನ್ನು ಅಣ್ಣನಿಗೆ ಕಳುಹಿಸುತ್ತಿದ್ದರು. ಇಬ್ಬರ ಹೆಸರಿನಲ್ಲೂ ಒಂದು ಮನೆ ಕೊಳ್ಳುವುದೆಂದು ಮಾತಾಗಿತ್ತು. ಮನೆ ಕೊಂಡದ್ದಾಯಿತು, ಪತ್ರದಲ್ಲಿ ಅಣ್ಣನ ಹೆಸರು ಮಾತ್ರ ಇತ್ತು. ವಿಷಯ ಚರ್ಚ್ ಸಭೆಯ ಹಿರಿಯರವರೆಗೆ ಹೋಯಿತು. ಅವರು ಇಬ್ಬರನ್ನೂ ಕರೆಸಿ, ಪ್ರಾರ್ಥಿಸಿ, ಭಾನುವಾರದ ಆರಾಧನೆ ಮುಗಿಯುವ ಹೊತ್ತಿಗೆ ಎಲ್ಲರೆದುರು ಅಣ್ಣ ತಂಗಿಯರ ಕೈ ಕೂಡಿಸಿದರು. ಅಣ್ಣ "ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎಂದರು, ತಂಗಿ "ಕ್ಷಮಿಸಿದ್ದೇನೆ" ಎಂದರು, ಸಭೆ ಚಪ್ಪಾಳೆ ತಟ್ಟಿತು. ಕೆಲವು ತಿಂಗಳಾದ ಮೇಲೆ ಅಣ್ಣ ತಮ್ಮ ಹೊಸ ಸಾಲಕ್ಕೆ ತಂಗಿಯ ಜಾಮೀನು ಕೇಳಿದರು. ಅವರು ಹಿಂದೆಮುಂದೆ ನೋಡಿದಾಗ ಬಂದ ಮಾತು: "ಸಭೆಯ ಮುಂದೆ ಕ್ಷಮಿಸಿದ್ದೇನೆ ಎಂದೆಯಲ್ಲ, ಅದು ಬರೀ ಬಾಯಿಮಾತೇ?"

ಅಂದಿನಿಂದ ಅವರ ನಿದ್ದೆ ಹೋಯಿತು. ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಸಾಲು ಬಂದಾಗ ಬಾಯಿ ಕಟ್ಟಿಹೋಗುತ್ತಿತ್ತು. ಹಿಂದಿನ ಸಾಲಿನವರೆಗೆ ದನಿ ಇರುತ್ತಿತ್ತು, ಮುಂದಿನ ಸಾಲಿಗೆ ಮರಳಿ ಬರುತ್ತಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ಹೆಂಗಸು ಇದನ್ನು ಗಮನಿಸಿ ಹಿರಿಯರಿಗೆ ಹೇಳಿದರು. ಹಿರಿಯರು ಬೈಬಲಿನ ಮತ್ತಾಯ ಸುವಾರ್ತೆಯ 18:22 ತೆಗೆದು ತೋರಿಸಿದರು: ಏಳು ಸಾರಿ ಕ್ಷಮಿಸಿದರೆ ಸಾಲದು, ಏಳೆಪ್ಪತ್ತು ಸಾರಿ. ಸುಶೀಲಾ ಪ್ರಭುಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ನನ್ನ ಬಳಿ ಬಂದಾಗ ಅವರು ಕೇಳಿದ್ದು ಒಂದೇ, ಕ್ಷಮಿಸುವ ಮನಸ್ಸು ಬರಲು ಏನಾದರೂ ಅಭ್ಯಾಸ ಹೇಳಿಕೊಡಿ ಎಂದು.

ಮೊದಲ ಭೇಟಿಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಅವರು ಅಣ್ಣನ ಪರವಾಗಿ ವಾದಿಸುತ್ತಿದ್ದರು: ಅವನಿಗೂ ಸಂಸಾರವಿದೆ, ಅವನಿಗೂ ಕಷ್ಟವಿತ್ತು, ನಾನೇ ಸರಿಯಾಗಿ ಕಾಗದಪತ್ರ ಮಾಡಿಸಿಕೊಳ್ಳಲಿಲ್ಲ. ಹೀಗೆ ಮಾತನಾಡುವವರನ್ನು ಅರ್ಧಕ್ಕೆ ತಡೆಯುವುದರಲ್ಲಿ ಅರ್ಥವಿಲ್ಲ, ದಣಿಯುವವರೆಗೆ ಮಾತನಾಡಲು ಬಿಡಬೇಕು. ಒಂದು ದಿನ ಆ ವಾದ ಮಾಡುತ್ತಲೇ ನಿಲ್ಲಿಸಿ ಅವರು ಹೇಳಿದರು: "ಎಲ್ಲರೂ ಕ್ಷಮಿಸು ಎಂದರು ಮೇಡಂ. ಏನನ್ನು ಕ್ಷಮಿಸಬೇಕು ಎಂದು ಒಬ್ಬರೂ ಕೇಳಲಿಲ್ಲ."

ಆ ದಿನದ ಉಳಿದ ಹೊತ್ತೆಲ್ಲ ಈ ಮಾತಿನ ಸುತ್ತಲೇ ಕಳೆಯಿತು. ಹಿರಿಯರು ತೋರಿಸಿದ ಅದೇ ಅಧ್ಯಾಯವನ್ನು ತೆಗೆಯಲು ಹೇಳಿದೆ. ಏಳೆಪ್ಪತ್ತು ಸಾರಿ ಎಂದ ಕೂಡಲೇ ಯೇಸು ಒಂದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ ಹೇಳುತ್ತಾನೆ. ಅದರಲ್ಲಿ ಅರಸನು ಮಾಡುವ ಮೊದಲ ಕೆಲಸ ತನ್ನ ಸೇವಕರಿಂದ ಲೆಕ್ಕ ತೆಗೆದುಕೊಳ್ಳುವುದು. ಒಬ್ಬ ಸೇವಕನ ಸಾಲ ಹತ್ತು ಸಾವಿರ ತಲಾಂತು (ಆ ಕಾಲದ ಹಣದ ದೊಡ್ಡ ಅಳತೆ) ಎಂಬುದು ಹೊರಬಿದ್ದ ಮೇಲೆಯೇ ಅರಸನು ಕನಿಕರಪಟ್ಟು ಅದನ್ನು ಬಿಡುತ್ತಾನೆ. ಎಷ್ಟೆಂದು ಗೊತ್ತಿಲ್ಲದ ಸಾಲವನ್ನು ಅವನು ಮನ್ನಾ ಮಾಡಲಿಲ್ಲ. ಇಷ್ಟು ಹೇಳಿ, ಅವರ ಮುಂದೆ ಒಂದು ಬಿಳಿ ಹಾಳೆ ಇಟ್ಟು, ನಿಮ್ಮ ಲೆಕ್ಕ ಬರೆಯಿರಿ ಎಂದೆ. ಇದನ್ನು ಯಾರಿಗೂ ಕೊಡಬೇಕಾಗಿಲ್ಲ ಎಂದೂ ಹೇಳಿದೆ.

ಮೊದಲು ಒಂದು ಮೊತ್ತ ಬರೆದರು. ಅದನ್ನು ಹೊಡೆದುಹಾಕಿ, ಬೆರಳು ಮಡಚಿ ವರ್ಷಗಳನ್ನು ಎಣಿಸಿ, ಇನ್ನೂ ದೊಡ್ಡ ಮೊತ್ತ ಬರೆದರು. ಅದರ ಕೆಳಗೆ ಪತ್ರದಲ್ಲಿ ಹೆಸರು ಬಿಟ್ಟದ್ದು. ಅದರ ಕೆಳಗೆ ಹಬ್ಬಕ್ಕೆ ಊರಿಗೆ ಬಂದಾಗ ಅದೇ ಮನೆಯಲ್ಲಿ ಅತಿಥಿಯ ಹಾಗೆ ಕೂರಿಸಿದ್ದು. ಆಮೇಲೆ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಮುಗಿಯಿತು ಎಂದುಕೊಂಡೆ. ತುಸು ಹೊತ್ತಿನ ನಂತರ ಮತ್ತೆ ಪೆನ್ನು ತೆರೆದು ಎರಡೇ ಪದ ಬರೆದರು: "ಯಾವ ದುಡ್ಡು?"

ತಾಯಿ ಹಾಸಿಗೆ ಹಿಡಿದಿದ್ದಾಗ ಚಿಕಿತ್ಸೆಗೆಂದು ಸುಶೀಲಾ ತಮ್ಮ ಹಣದಲ್ಲಿ ಸ್ವಲ್ಪವನ್ನು ಅಣ್ಣನ ಬಳಿ ವಾಪಸು ಕೇಳಿದ್ದರು. ತಾಯಿಯ ಎದುರಿನಲ್ಲೇ ಅಣ್ಣ "ಯಾವ ದುಡ್ಡು?" ಎಂದರು. ತಾಯಿ ಮಗನನ್ನು ನಂಬಿದರು. ಮಗಳು ಆಸ್ತಿಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಚಿಕ್ಕಮ್ಮನ ಬಳಿ ಹೇಳಿಕೊಂಡರು. ಅದೇ ನಂಬಿಕೆಯಲ್ಲಿ ತೀರಿಕೊಂಡರು. ಹಿರಿಯರ ಮುಂದೆ ನಡೆದ ಪಂಚಾಯಿತಿಯಲ್ಲಿ ಮನೆಯ ಮಾತು ಬಂದಿತ್ತು, ಹಣದ ಮಾತು ಬಂದಿತ್ತು. ಈ ಎರಡು ಪದಗಳ ಮಾತು ಬಂದಿರಲಿಲ್ಲ. ಸುಶೀಲಾ ಸಭೆಯ ಮುಂದೆ ಕ್ಷಮಿಸಿದ್ದು ಮನೆಯನ್ನು. ಅವರ ಬಾಯಿ ಕಟ್ಟಿಸುತ್ತಿದ್ದದ್ದು ಈ ಸುಳ್ಳು.

"ದೇವರು ನಮಗೆ ಕ್ಷಮಿಸಿದ್ದರ ಮುಂದೆ ಇದೆಲ್ಲ ಏನೂ ಅಲ್ಲ ಎಂದು ಪಾಸ್ಟರ್ ಹೇಳಿದ್ದರು" ಎಂದು ಅವರು ಹಾಳೆ ಮಡಚತೊಡಗಿದರು. ನಾನು ಮತ್ತೆ ಸಾಮ್ಯಕ್ಕೆ ಹೋದೆ. ಸಾಲ ಮನ್ನಾ ಆದ ಆ ಸೇವಕನಿಗೆ ಅವನ ಜೊತೆ ಸೇವಕನು ಕೊಡಬೇಕಾಗಿದ್ದ ಸಾಲ ನೂರು ದಿನಾರಿ. ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಯವನಿಗೆ ದಿನಕ್ಕೆ ಒಂದು ದಿನಾರಿ. ಅಂದರೆ ನೂರು ದಿನಗಳ ಕೂಲಿ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ಒಂದು ತಲಾಂತು ಸುಮಾರು 6,000 ದಿನಾರಿಗೆ ಸಮ ಎಂದು ಹಿಡಿದರೆ ಅರಸನಿಗೆ ಬರಬೇಕಾಗಿದ್ದದ್ದು ಆರು ಕೋಟಿ ದಿನಗಳ ಕೂಲಿ, ಯಾವ ಜನ್ಮಕ್ಕೂ ತೀರದ್ದು. ಆ ದೊಡ್ಡ ಸಾಲದ ಮುಂದೆ ಚಿಕ್ಕದು ಚಿಕ್ಕದೇ. ಆದರೆ ಬೆವರು ಸುರಿಸಿದವನಿಗೆ ಮೂರು ತಿಂಗಳ ಸಂಬಳ ಏನೂ ಅಲ್ಲ ಎಂದು ಯೇಸು ಎಲ್ಲಿಯೂ ಹೇಳಲಿಲ್ಲ. ಹಾಗೆ ಹೇಳಬೇಕಿದ್ದರೆ ಒಂದು ಕಾಸು ಎನ್ನಬಹುದಿತ್ತು. ಸುಶೀಲಾ ಹಾಳೆಯನ್ನು ಮತ್ತೆ ಬಿಡಿಸಿ, "ನನ್ನದು ನೂರಕ್ಕಿಂತ ಹೆಚ್ಚಿದೆ" ಎಂದರು.

ಆ ಕಥೆಯಲ್ಲಿ ಖಂಡನೆಗೆ ಗುರಿಯಾದವನು ಸಾಲವನ್ನು ನೆನಪಿಟ್ಟುಕೊಂಡವನಲ್ಲ. ತಾನು ಕ್ಷಮೆ ಪಡೆದು ಹೊರಗೆ ಬಂದ ಕೂಡಲೇ ಜೊತೆಯವನ ಕುತ್ತಿಗೆ ಹಿಚುಕಿ, ಕಾಲಿಗೆ ಬಿದ್ದರೂ ಬಿಡದೆ ಸೆರೆಮನೆಗೆ ಹಾಕಿಸಿದವನು. ಸುಶೀಲಾ ಯಾರ ಕುತ್ತಿಗೆಯನ್ನೂ ಹಿಡಿದಿರಲಿಲ್ಲ. ಹಿಡಿದಿದ್ದರೆ, ಬೈಬಲ್ ವಾಕ್ಯವನ್ನೇ ಬಳಸಿ ಅವರ ಕುತ್ತಿಗೆಯನ್ನು ಬೇರೆಯವರು ಹಿಡಿದಿದ್ದರು.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಸೇಡು ತೀರಿಸಿಕೊಳ್ಳುವ ಹಕ್ಕನ್ನು ದೇವರ ಕೈಗೆ ಬಿಡಿ. ಅದು ನಿಮ್ಮೊಳಗೆ ಆಗುವ ಕೆಲಸ, ಅದಕ್ಕೆ ಅಣ್ಣನ ಅನುಮತಿಯಾಗಲಿ ಹಾಜರಿಯಾಗಲಿ ಬೇಕಾಗಿಲ್ಲ. ಈ ಕೆಲಸವೂ ಒಂದೇ ದಿನದಲ್ಲಿ ಮುಗಿಯಬೇಕೆಂದಿಲ್ಲ. ಹಣದ ವಿಷಯದಲ್ಲಿ, ವಾಪಸು ಕೇಳುವುದು ಕ್ಷಮೆಗೆ ವಿರುದ್ಧವಲ್ಲ. ಸುಳ್ಳಿನ ವಿಷಯದಲ್ಲಿ, ತಾಯಿಗೆ ಇನ್ನು ಯಾರೂ ನಿಜ ಹೇಳಲಾಗದು, ಆದರೆ ಚಿಕ್ಕಮ್ಮ ಇದ್ದಾರೆ. ಅಣ್ಣ ಅವರ ಬಳಿ ಹೋಗಿ ನಿಜ ಹೇಳಬೇಕೆಂದು ಕೇಳುವುದಕ್ಕೆ ನಿಮಗೆ ಹಕ್ಕಿದೆ. ತಾಯಿ ನಿಮ್ಮನ್ನು ಅಪನಂಬಿಕೆಯಿಂದ ನೋಡುತ್ತಲೇ ಹೋದದ್ದನ್ನು ಮಾತ್ರ ಯಾರೂ ತುಂಬಿಕೊಡಲಾರರು. ನೀವು ನಿಜವಾಗಿ ಕ್ಷಮಿಸಬೇಕಾಗಿರುವುದು ಅದನ್ನೇ, ಅದಕ್ಕೆ ಸಮಯ ಬೇಕು. ಜಾಮೀನಿಗೆ ಸಹಿ ಹಾಕಬೇಡಿ.

ಈ ಸಲಹೆ ಗೊತ್ತಾದಾಗ ಒಬ್ಬ ಸಭಾಪಾಲಕರು ನನ್ನನ್ನು ನೇರವಾಗಿಯೇ ಕೇಳಿದರು: ನೀವು ಕೃಪೆಯ ಜಾಗದಲ್ಲಿ ಲೆಕ್ಕದ ಪುಸ್ತಕ ಇಡುತ್ತಿದ್ದೀರಲ್ಲ? ಶಿಲುಬೆಯ ಮೇಲೆ ಯೇಸು ಯಾರ ಪಶ್ಚಾತ್ತಾಪಕ್ಕೆ ಕಾದನು? ನ್ಯಾಯವಾದ ಪ್ರಶ್ನೆಯೇ. ಲೂಕ 23:34ರಲ್ಲಿ, ತಾವು ಏನು ಮಾಡುತ್ತಿದ್ದೇವೆಂದು ಅರಿಯದವರಿಗಾಗಿ ಯೇಸು ತಂದೆಯನ್ನು ಬೇಡಿಕೊಳ್ಳುತ್ತಾನೆ. ಮಾರ್ಕ 11:25ರಲ್ಲಿ, ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿರಿ ಎನ್ನುತ್ತಾನೆ, ಅಲ್ಲಿ ಯಾವ ಷರತ್ತೂ ಇಲ್ಲ. ಆದರೆ ಲೂಕ 17:3ರಲ್ಲಿ ಅದೇ ಯೇಸು, ಸಹೋದರನು ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎನ್ನುತ್ತಾನೆ. ಕ್ಷಮೆಗೆ ಪಶ್ಚಾತ್ತಾಪ ಬೇಕೋ ಬೇಡವೋ ಎಂಬ ಬಗ್ಗೆ ಕ್ರೈಸ್ತರಲ್ಲಿ ಭಿನ್ನಾಭಿಪ್ರಾಯ ಇರುವುದು ಇದಕ್ಕೇ. ನನ್ನ ತಿಳಿವಳಿಕೆ ಇಷ್ಟು: ಮಾರ್ಕನ ಮಾತು ದೇವರ ಮುಂದೆ ನಿಂತ ನಿಮ್ಮ ಹೃದಯದ್ದು, ಲೂಕ 17ರ ಮಾತು ನಿಮ್ಮ ಮತ್ತು ಆ ಸಹೋದರನ ನಡುವಿನ ಸಂಬಂಧದ್ದು. ಮೊದಲನೆಯದನ್ನು ಒಬ್ಬರೇ ಮಾಡಬಹುದು, ಎರಡನೆಯದಕ್ಕೆ ಇಬ್ಬರು ಬೇಕು. ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ಕ್ಷಮೆಯಲ್ಲೇ ನಿರ್ಧಾರದಿಂದ ಆಗುವುದು, ಭಾವನೆಯಿಂದ ಆಗುವುದು ಎಂದು ಎರಡು ಬಗೆ ಮಾಡುತ್ತಾರೆ. ನಿರ್ಧಾರದ ಹಿಂದೆಯೇ ಭಾವನೆಯೂ ಬಂದುಬಿಡಬೇಕೆಂದಿಲ್ಲ. 1992ರ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥವೂ, ನೋವನ್ನು ಅನುಭವಿಸದೆ ಇರುವುದು ಅಥವಾ ಮರೆಯುವುದು ನಮ್ಮ ಕೈಯಲ್ಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಲೆಕ್ಕದ ಪುಸ್ತಕವೆಂದು ಮೂದಲಿಸುವವರು ಲೂಕನ ಸುವಾರ್ತೆಯ ಸುಂಕದವ ಜಕ್ಕಾಯನನ್ನು ಏನು ಮಾಡುತ್ತಾರೆ? ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಅವನು ಎದ್ದುನಿಂತು ಹೇಳಿದಾಗ ಯೇಸು, ಇರಲಿ ಬಿಡು, ನಾನು ಬಂದಿದ್ದೇನಲ್ಲ ಎನ್ನಲಿಲ್ಲ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದನು. ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲೂ ತಪ್ಪಿತಸ್ಥನು ಪಾಪವನ್ನು ಅರಿಕೆ ಮಾಡಿ, ಮೂಲ ಬೆಲೆಗೆ ಐದನೆಯ ಒಂದು ಭಾಗ ಸೇರಿಸಿ ನಷ್ಟ ಹೊಂದಿದವನಿಗೆ ಕೊಡಬೇಕು.

ಕೈ ಕೂಡಿಸುವ ಹಿರಿಯರಿಗೆ ನನ್ನ ಒಂದು ವಿನಂತಿಯಿದೆ. ಎರಡನೆಯ ಸಮುವೇಲ 13 ಮತ್ತು 14ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಮಲಸಹೋದರ ಅಮ್ನೋನನಿಂದ ಅತ್ಯಾಚಾರಕ್ಕೊಳಗಾದ ತಾಮಾರಳಿಗೆ ಅವಳ ಒಡಹುಟ್ಟಿದ ಅಬ್ಷಾಲೋಮನು, ಸುಮ್ಮನಿರು, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತಾನೆ. ಈ ಮಾತನ್ನು ನಾನು ಎಷ್ಟು ಕುಟುಂಬಗಳ ಬಾಯಲ್ಲಿ ಕೇಳಿಲ್ಲ! ತಂದೆ, ಅರಸ ದಾವೀದನು ಬಹಳ ಕೋಪಗೊಂಡನಂತೆ, ಏನೂ ಮಾಡಲಿಲ್ಲ. ಎರಡು ವರ್ಷದ ಬಳಿಕ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿ ಓಡಿಹೋದನು. ಕೊನೆಗೆ ಅರಮನೆಗೆ ಮರಳಿದಾಗ ದಾವೀದನು ಮಗನಿಗೆ ಮುದ್ದಿಟ್ಟನು. ಆ ಭೇಟಿಯಲ್ಲಿ ತಾಮಾರಳ ಹೆಸರು ಬರುವುದಿಲ್ಲ, ಅಮ್ನೋನನ ಹೆಸರೂ ಬರುವುದಿಲ್ಲ. ಮುಂದಿನ ಅಧ್ಯಾಯವೇ ಅಬ್ಷಾಲೋಮನ ದಂಗೆ.

ಅದರ ಪಕ್ಕದಲ್ಲಿ, ಅಣ್ಣಂದಿರೇ ದಾಸನಾಗಿ ಮಾರಿದ, ಮುಂದೆ ಐಗುಪ್ತದ ಅಧಿಕಾರಿಯಾದ ಯೋಸೇಫನನ್ನು ಇಟ್ಟು ನೋಡಬೇಕು. ಕ್ಷಮೆಯ ಬಗ್ಗೆ ಬೈಬಲಿನಲ್ಲಿ ಇದಕ್ಕಿಂತ ನಿಧಾನವಾದ ಕಥೆ ನನಗೆ ಗೊತ್ತಿಲ್ಲ. ಅಣ್ಣಂದಿರು ಧಾನ್ಯಕ್ಕೆಂದು ಐಗುಪ್ತಕ್ಕೆ ಬಂದಾಗ ಅವನು ಅವರ ಗುರುತು ಹಿಡಿದರೂ ತನ್ನ ಗುರುತು ಕೊಡುವುದಿಲ್ಲ. ಮರೆಯಲ್ಲಿ ಹೋಗಿ ಅಳುತ್ತಾನೆ, ಮುಖ ತೊಳೆದು ಬರುತ್ತಾನೆ, ಧಾನ್ಯ ಕೊಡುತ್ತಾನೆ, ಅವರ ಹಣವನ್ನೂ ಚೀಲದಲ್ಲಿಟ್ಟು ಹಿಂದಿರುಗಿಸುತ್ತಾನೆ. ಅಂದರೆ ಸೇಡಿನ ಮಾತಿಲ್ಲ. ಆದರೆ ನಂಬಿಕೆಯೂ ಇನ್ನೂ ಇಲ್ಲ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ ಅವರನ್ನು ಪರೀಕ್ಷಿಸುತ್ತಾನೆ. ಹಿಂದೆ ತಮ್ಮನನ್ನು ಮಾರೋಣ ಎಂದಿದ್ದ ಯೂದನೇ ಈಗ, ಈ ತಮ್ಮನ ಬದಲು ನಾನು ನಿನಗೆ ದಾಸನಾಗಿರುತ್ತೇನೆ ಎಂದು ನಿಂತ ಮೇಲೆ ಯೋಸೇಫನಿಗೆ ತಡೆದುಕೊಳ್ಳಲಾಗುವುದಿಲ್ಲ, ನಾನೇ ಯೋಸೇಫನು ಎನ್ನುತ್ತಾನೆ. ಅಪ್ಪಿಕೊಳ್ಳುವುದು ಆಮೇಲೆ. ಅಪ್ಪಿಕೊಳ್ಳುವ ಮೊದಲು, ನೀವು ಐಗುಪ್ತಕ್ಕೆ ಮಾರಿದ ತಮ್ಮ ಎಂದು ನಡೆದದ್ದನ್ನು ಅವನು ಹೆಸರಿಟ್ಟು ಹೇಳುತ್ತಾನೆ.

ಇನ್ನೊಂದು ಮಾತನ್ನು ಚಿಕ್ಕದಾಗಿಯೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಹೊಡೆತ, ಲೈಂಗಿಕ ದೌರ್ಜನ್ಯ ಇರುವ ಕಡೆ ಕ್ಷಮೆಯ ಉಪದೇಶಕ್ಕೆ ಮೊದಲು ಸುರಕ್ಷತೆ, ಪೊಲೀಸ್, ಕಾನೂನು. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಕೊನೆಯಲ್ಲಿ ಮುಯ್ಯಿ ತೀರಿಸಬೇಡಿರಿ ಎಂದ ಅಪೊಸ್ತಲ ಪೌಲನು, ಮರು ಅಧ್ಯಾಯದ ಆರಂಭದಲ್ಲೇ ಕೆಟ್ಟದ್ದನ್ನು ಮಾಡುವವನನ್ನು ದಂಡಿಸುವ ಅಧಿಕಾರಿಯನ್ನು ದೇವರ ಸೇವಕನೆಂದು ಕರೆಯುತ್ತಾನೆ. ದೂರು ಕೊಟ್ಟವರನ್ನು ಕ್ಷಮಿಸದವರೆಂದು ಸಭೆಯಲ್ಲಿ ಹೆಸರಿಸುವುದು ನನ್ನ ದೃಷ್ಟಿಯಲ್ಲಿ ಎರಡನೆಯ ಅಪರಾಧ.

ಸುಶೀಲಾ ಅಣ್ಣನಿಗೆ ಒಂದು ಚಿಕ್ಕ ಪತ್ರ ಬರೆದರು. ಜಾಮೀನು ಹಾಕುವುದಿಲ್ಲ, ಹಣದ ಲೆಕ್ಕ ಇಷ್ಟು, ಚಿಕ್ಕಮ್ಮನಿಗೆ ನಿಜ ಹೇಳಬೇಕು, ನಿನಗೆ ಕೇಡಾಗಲೆಂದು ನಾನು ಬಯಸುತ್ತಿಲ್ಲ. ಇಷ್ಟೇ. ಪ್ರಭುಭೋಜನಕ್ಕೆ ಮತ್ತೆ ಹೋಗತೊಡಗಿದ್ದಾರೆ. ಪ್ರಾರ್ಥನೆಯ ಆ ಸಾಲು ಕೆಲವು ವಾರ ಬಾಯಿಗೆ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಬಾರದ ವಾರದಲ್ಲಿ ತಮ್ಮ ಮೇಲೆ ತಾವೇ ದೂರು ಹೊರಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ. ಹಣಕ್ಕಾಗಿ ಮುಂದುವರಿಯಬೇಕೋ ಬಿಡಬೇಕೋ ಎಂದು ಇನ್ನೂ ನಿರ್ಧರಿಸಿಲ್ಲ, ನಾನು ಒತ್ತಾಯಿಸಿಯೂ ಇಲ್ಲ.

ಅಣ್ಣ ಚಿಕ್ಕಮ್ಮನ ಬಳಿ ಹೋಗಲಿಲ್ಲ. ಪತ್ರಕ್ಕೆ ಉತ್ತರವಾಗಿ ಮೊಬೈಲಿನಲ್ಲಿ ಒಂದು ವಚನ ಕಳುಹಿಸಿದರು, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ 6:7. ವ್ಯಾಜ್ಯಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನೂ ನಷ್ಟವನ್ನೂ ಏಕೆ ಸಹಿಸಿಕೊಳ್ಳಬಾರದು ಎಂದು ಪೌಲನು ಕೇಳುವ ವಚನ. ಸುಶೀಲಾ ಮುಂದಿನ ಭೇಟಿಯಲ್ಲಿ ಅದನ್ನು ನನಗೆ ತೋರಿಸಿದರು. ಅದರ ಕೆಳಗೆ ಅವರ ಉತ್ತರ ಆಗಲೇ ಹೋಗಿತ್ತು. ನೀವೇ ಅನ್ಯಾಯ ಮಾಡುತ್ತೀರಿ, ನಷ್ಟಪಡಿಸುತ್ತೀರಿ, ಅದೂ ಸಹೋದರರಿಗೇ ಎಂದು ಪೌಲನು ಹೇಳುವ 6:8.