ಎರಡನೆಯ ಡಿಸ್ಕ್ ಹಾಕಿದ ಮೇಲೆ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಅದಲುಬದಲಾಗುತ್ತಿವೆ. ಈ ಹೆಸರುಗಳನ್ನು ಸ್ಥಿರಗೊಳಿಸುವುದು ಹೇಗೆ?

ನೀವು ವಿವರಿಸಿರುವ ಲಿನಕ್ಸ್ ಯಂತ್ರ ಹೆಚ್ಚುಕಡಿಮೆ ನನ್ನ ಹಳೆಯ ಯಂತ್ರವೇ: ಒಂದೇ ಮಾದರಿಯ ಎರಡು ಡಿಸ್ಕ್, ಹೊಸದಾಗಿ ಸೇರಿಸಿದ ಕಂಟ್ರೋಲರ್ ಕಾರ್ಡ್, ರೀಬೂಟ್ ಆದಾಗ ಅತ್ತಿಂದಿತ್ತ ಆಗುವ ಹೆಸರುಗಳು. ಸಾಧನಗಳ ಹೆಸರುಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಸೇವೆಗೆ ನಿಯಮ ಬರೆದು ಮೊದಲ ಡಿಸ್ಕನ್ನು ಎಂದೆಂದಿಗೂ ಎಸ್‌ಡಿಎ ಆಗಿಯೇ ಇರಿಸಬಹುದೇ ಎಂದು ಕೇಳಿದ್ದೀರಿ. ಇರಿಸಲಾಗದು. ಸಾಧ್ಯವಿದ್ದರೂ ಬೇಡವೆನ್ನುತ್ತಿದ್ದೆ, ಏಕೆಂದರೆ ಆ ಹೆಸರನ್ನು ಡಿಸ್ಕಿನ ಗುರುತೆಂದು ನಂಬಿದ್ದಕ್ಕೆ ನಾನು ಒಂದು ಕಚೇರಿಯ ಇಡೀ ವಾರದ ಕೆಲಸವನ್ನು ತೆತ್ತಿದ್ದೇನೆ.

ಆ ಕಚೇರಿಯ ಫೈಲ್ ಸರ್ವರ್ ನನ್ನ ಉಸ್ತುವಾರಿಯಲ್ಲಿತ್ತು. ಆಪರೇಟಿಂಗ್ ಸಿಸ್ಟಮ್ ಒಂದು ಎನ್‌ವಿಎಂಇ ಡ್ರೈವಿನಲ್ಲಿ, ಎಲ್ಲರ ಕಡತಗಳು ಒಂದು ಸಾಟಾ ಡಿಸ್ಕಿನಲ್ಲಿ, ಅದರ ಪ್ರತಿ ಅದೇ ಮಾದರಿಯ, ಅದೇ ಗಾತ್ರದ ಇನ್ನೊಂದು ಡಿಸ್ಕಿನಲ್ಲಿ ಇರುತ್ತಿದ್ದವು. ವಾರಾಂತ್ಯದಲ್ಲಿ ನನ್ನ ಸ್ಕ್ರಿಪ್ಟ್ ಕಡತಗಳ ಡಿಸ್ಕನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಡಿಡಿ ಆಜ್ಞೆಯಿಂದ ಎಸ್‌ಡಿಎಯನ್ನು ಎಸ್‌ಡಿಬಿಗೆ ಅಕ್ಷರಶಃ ನಕಲಿಸಿ, ಮತ್ತೆ ಮೌಂಟ್ ಮಾಡುತ್ತಿತ್ತು. ಒಮ್ಮೆ ಮದರ್‌ಬೋರ್ಡಿನ ಒಂದು ಪೋರ್ಟ್ ಕೈಕೊಡತೊಡಗಿದಾಗ ಹೊಸ ಕಾರ್ಡ್ ಹಾಕಿ, ಮೂಲ ಡಿಸ್ಕಿನ ಕೇಬಲನ್ನು ಅದಕ್ಕೆ ಬದಲಾಯಿಸಿದೆ. ಯಂತ್ರ ಸರಿಯಾಗಿ ಎದ್ದಿತು, ಕಡತಗಳೆಲ್ಲ ತೆರೆದುಕೊಂಡವು, ಯಾರಿಗೂ ಏನೂ ಅನುಮಾನ ಬರಲಿಲ್ಲ.

ಆದರೆ ಹೊಸ ಕಾರ್ಡಿನ ಡಿಸ್ಕ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಣ್ಣಿಗೆ ತಡವಾಗಿ ಬಿದ್ದಿತ್ತು. ಡಿಸ್ಕ್‌ಗಳನ್ನು ನಡೆಸುವ ಎಸ್‌ಡಿ ಚಾಲಕವು (ಡ್ರೈವರ್) ಅಕ್ಷರಗಳನ್ನು ಹಂಚುವುದು ಸರದಿಯಲ್ಲಿ ಬಂದವರಿಗೆ ಟೋಕನ್ ಕೊಟ್ಟಂತೆ: ಮೊದಲು ಕಂಡದ್ದು ಎಸ್‌ಡಿಎ, ಆಮೇಲೆ ಕಂಡದ್ದು ಎಸ್‌ಡಿಬಿ. ಯಾವ ಚಾಲಕ ಮೊದಲು ಲೋಡ್ ಆಯಿತು, ಯಾವ ಡಿಸ್ಕ್ ಬೇಗ ಉತ್ತರ ಕೊಟ್ಟಿತು ಎಂಬುದರ ಮೇಲೆ ಈ ಸರದಿ ನಿಂತಿದೆ. ಹೀಗಾಗಿ ಹಳೆಯ ಪ್ರತಿಯಿದ್ದ ಡಿಸ್ಕ್ ಎಸ್‌ಡಿಎ ಆಯಿತು, ಜೀವಂತ ಕಡತಗಳ ಡಿಸ್ಕ್ ಎಸ್‌ಡಿಬಿ ಆಯಿತು. ವಾರಾಂತ್ಯ ಬಂದಾಗ ಸ್ಕ್ರಿಪ್ಟ್ ಹಳೆಯದನ್ನು ಓದಿ ಹೊಸದರ ಮೇಲೆ ಬರೆಯಿತು. ಎರಡರ ಗಾತ್ರವೂ ಒಂದೇ ಆಗಿದ್ದುದರಿಂದ ಬೈಟ್‌ಗಳ ಲೆಕ್ಕ ತಾಳೆಯಾಯಿತು, ಡಿಡಿ ಯಶಸ್ಸಿನ ಸಂಕೇತವನ್ನೇ ಹಿಂದಿರುಗಿಸಿತು, ಲಾಗ್‌ನಲ್ಲಿ ಒಂದೇ ಒಂದು ದೋಷದ ಸಾಲು ಇರಲಿಲ್ಲ. ಕಚೇರಿ ಮತ್ತೆ ತೆರೆದಾಗ ಎಲ್ಲ ಕಡತಗಳೂ ಹಿಂದಿನ ವಾರದ ಸ್ಥಿತಿಯಲ್ಲಿದ್ದವು, ಎರಡೂ ಡಿಸ್ಕ್‌ಗಳಲ್ಲಿ.

ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದ ಮಾತೊಂದಿದೆ, ಏಕೆಂದರೆ ನಿಮಗೆ ಬಂದಿರುವ ಇತರ ಉತ್ತರಗಳು ‘ಯುಯುಐಡಿ ಬಳಸಿ’ ಎಂದು ಹೇಳಿ ಮುಗಿಸಿವೆ. ನನ್ನ ಎಫ್‌ಎಸ್‌ಟ್ಯಾಬ್‌ನಲ್ಲಿ, ಅಂದರೆ ಬೂಟ್ ಆಗುವಾಗ ಏನನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿಯಲ್ಲಿ, ಯುಯುಐಡಿಯೇ ಇತ್ತು. ಅದು 128 ಬಿಟ್‌ಗಳ ಸಂಖ್ಯೆ, ಫೈಲ್ ಸಿಸ್ಟಮ್ ರಚನೆಯಾಗುವಾಗ ಅದರ ಸೂಪರ್‌ಬ್ಲಾಕ್‌ನಲ್ಲಿ (ಅದರ ಮುಖ್ಯ ವಿವರಗಳಿರುವ ಭಾಗದಲ್ಲಿ) ಬರೆಯಲ್ಪಡುತ್ತದೆ. ಅಂದರೆ ಅದು ಡಿಸ್ಕಿನೊಳಗೆ ಬರೆದಿರುವ ವಿಷಯದ ಗುರುತು, ಡಿಸ್ಕೆಂಬ ವಸ್ತುವಿಗೂ ಅದಕ್ಕೂ ಸಂಬಂಧವಿಲ್ಲ. ಡಿಡಿಯಿಂದ ನಕಲಿಸಿದರೆ ಸೂಪರ್‌ಬ್ಲಾಕ್ ಕೂಡ ನಕಲಾಗುತ್ತದೆ, ಹಾಗಾಗಿ ನನ್ನ ಎರಡೂ ಡಿಸ್ಕ್‌ಗಳಿಗೆ ಒಂದೇ ಯುಯುಐಡಿ ಇತ್ತು. ಎರಡರಲ್ಲಿ ಯಾವುದು ಮೌಂಟ್ ಆಗಬೇಕೆಂಬುದನ್ನು ಪ್ರತಿ ಬೂಟ್‌ನಲ್ಲಿ ಅದೃಷ್ಟವೇ ತೀರ್ಮಾನಿಸುತ್ತಿತ್ತು. ಕೇಬಲ್ ಬದಲಿಸಿದ ವಾರ ಅದೃಷ್ಟ ಒಲಿದು ಸರಿಯಾದ ಡಿಸ್ಕೇ ಮೌಂಟ್ ಆಯಿತು. ಒಲಿಯದಿದ್ದರೆ ಹಳೆಯ ಕಡತಗಳು ಕೂಡಲೇ ಕಣ್ಣಿಗೆ ಬಿದ್ದು, ಸ್ಕ್ರಿಪ್ಟ್ ಓಡುವ ಮೊದಲೇ ನಾನು ಎಚ್ಚೆತ್ತುಕೊಳ್ಳುತ್ತಿದ್ದೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆಗಿದ್ದರೆ ಒಂದೇ ಯುಯುಐಡಿಯ ಎರಡನೆಯ ಪ್ರತಿಯನ್ನು ಜೊತೆಗೆ ಮೌಂಟ್ ಮಾಡಲು ಅದು ನಿರಾಕರಿಸುತ್ತದೆ. ನಾನು ಬಳಸಿದ್ದು ಇಎಕ್ಸ್‌ಟಿ4. ಅದರಲ್ಲಿ ಡಿಡಿ ನಕಲಾದ ಮೇಲೆ ಟ್ಯೂನ್‌2ಎಫ್‌ಎಸ್ ಆಜ್ಞೆಯಿಂದ ಪ್ರತಿಗೆ ಹೊಸ ಯುಯುಐಡಿ ಕೊಡುವುದು ನನ್ನ ಹೊಣೆಯಾಗಿತ್ತು.

ನಿಮ್ಮ ನಿರೀಕ್ಷೆ ಎಲ್ಲಿಂದ ಬಂದಿದೆ ಎಂಬುದನ್ನು ಊಹಿಸಬಲ್ಲೆ. ಒಂದು ಕೇಬಲಿಗೆ ಎರಡು ಡಿಸ್ಕ್ ಕೂರುತ್ತಿದ್ದ ಐಡಿಇ ಕಾಲದಲ್ಲಿ ಹೆಸರಿಗೂ ಜಾಗಕ್ಕೂ ನಿಜವಾಗಿ ನಂಟಿತ್ತು: ಮೊದಲ ಕೇಬಲಿನ ಮಾಸ್ಟರ್ ಎಚ್‌ಡಿಎ, ಸ್ಲೇವ್ ಎಚ್‌ಡಿಬಿ, ಎರಡನೆಯ ಕೇಬಲಿನ ಮಾಸ್ಟರ್ ಎಚ್‌ಡಿಸಿ. ಎಚ್‌ಡಿಬಿ ಖಾಲಿಯಿದ್ದರೂ ಎಚ್‌ಡಿಸಿ ಎಚ್‌ಡಿಸಿಯಾಗಿಯೇ ಉಳಿಯುತ್ತಿತ್ತು. ಸೊಲಾರಿಸ್ ಎಂಬ ಯುನಿಕ್ಸ್‌ನ ಸಿ0ಟಿ0ಡಿ0 ಮಾದರಿಯ ಹೆಸರುಗಳಲ್ಲಿಯೂ ಕಂಟ್ರೋಲರ್, ಟಾರ್ಗೆಟ್, ಡಿಸ್ಕ್ ಎಂಬ ದಾರಿಯನ್ನು ಓದಬಹುದಿತ್ತು. ಲಿನಕ್ಸ್‌ನಲ್ಲಿ ಐಡಿಇ ಡಿಸ್ಕ್‌ಗಳೂ ಲಿಬ್‌ಎಟಿಎ ಎಂಬ ಕರ್ನಲ್ ಭಾಗದ ಮೂಲಕ ಎಸ್‌ಡಿ ಕುಟುಂಬಕ್ಕೆ ಸೇರಿದ ಮೇಲೆ ಆ ನಂಟು ಕಡಿದುಹೋಯಿತು, ಆದರೆ ನಮ್ಮ ಅಭ್ಯಾಸ ಕಡಿಯಲಿಲ್ಲ. ಕರ್ನಲ್‌ನ ದೃಷ್ಟಿಯಿಂದ ನೋಡಿದರೆ ಈ ಹೆಸರಿಗೆ ಅಂಥ ಘನತೆಯೇನೂ ಇಲ್ಲ. ಸಾಧನಗಳ ಹೆಸರುಗಳಿರುವ /ಡೆವ್ ಡೈರೆಕ್ಟರಿಯ ಕಡತವನ್ನು ತೆರೆದಾಗ ಅದು ನೋಡುವುದು ಮೇಜರ್ ಮತ್ತು ಮೈನರ್ ಸಂಖ್ಯೆಗಳನ್ನು: ಮೇಜರ್ 8 ಎಂದರೆ ಎಸ್‌ಡಿ ಚಾಲಕ, ಮೈನರ್ 0 ಎಂದರೆ ಎಸ್‌ಡಿಎ, 16 ಎಂದರೆ ಎಸ್‌ಡಿಬಿ, ನಡುವಿನ ಸಂಖ್ಯೆಗಳು ಎಸ್‌ಡಿಎಯ ಪಾರ್ಟಿಶನ್‌ಗಳು. ಆ ಸಂಖ್ಯೆಗಳೂ ಅದೇ ಸರದಿಯಲ್ಲಿ ಸಿಕ್ಕವು.

ಯುಡೆವ್ ಕೂಡ ಡಿಸ್ಕಿಗೆ ಕರ್ನಲ್ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ. ಅದರ ಪಕ್ಕದಲ್ಲಿ ಅದನ್ನೇ ತೋರಿಸುವ ಬೇರೆ ಹೆಸರಿನ ಸಿಮ್‌ಲಿಂಕ್ ಸೇರಿಸುತ್ತದೆ, ಅಷ್ಟೆ. ಮರುನಾಮಕರಣ ನಡೆಯುವುದು ನೆಟ್‌ವರ್ಕ್ ಇಂಟರ್‌ಫೇಸ್‌ಗಳಿಗೆ ಮಾತ್ರ; ಇಟಿಎಚ್0 ಎಂಬುದು ಇಎನ್‌ಪಿ3ಎಸ್0 ಆಗುವುದು ಹಾಗೆ. ಅಲ್ಲಿಯೂ ಹೊಸ ಹೆಸರು ಪಿಸಿಐ ಬಸ್ 3, ಸ್ಲಾಟ್ 0 ಎಂಬ ಜಾಗವನ್ನು ಹೇಳುತ್ತದೆಯೇ ಹೊರತು ಕಾರ್ಡನ್ನಲ್ಲ, ಆದ್ದರಿಂದ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದರೆ ಹೆಸರೂ ಬದಲಾಗುತ್ತದೆ. ‘ಸ್ಥಿರ ಹೆಸರು ಬೇಕು’ ಎಂಬ ಕೋರಿಕೆ ಅರ್ಧ ಕೋರಿಕೆ ಎಂದು ನಾನು ಹೇಳುವುದು ಇದಕ್ಕೇ. ಯಾವುದು ಸ್ಥಿರವಾಗಿರಬೇಕು? ಆ ಪೋರ್ಟಿನಲ್ಲಿ ಕುಳಿತಿರುವುದು ಯಾವುದೇ ಆಗಲಿ ಅದೇ ಬೇಕೆ, ಆ ಕಡತಗಳು ಎಲ್ಲಿದ್ದರೂ ಅವೇ ಬೇಕೆ, ಅಥವಾ ಆ ಡಿಸ್ಕೇ ಬೇಕೆ? /ಡೆವ್/ಡಿಸ್ಕ್ ಅಡಿಯಲ್ಲಿ ಇವಕ್ಕೆ ಕ್ರಮವಾಗಿ ಬೈ-ಪಾತ್, ಬೈ-ಯುಯುಐಡಿ, ಬೈ-ಐಡಿ ಎಂಬ ಡೈರೆಕ್ಟರಿಗಳು ಆಗಲೇ ಇವೆ, ನೀವು ಯಾವ ನಿಯಮವನ್ನೂ ಬರೆಯಬೇಕಾಗಿಲ್ಲ.

ನಿಮ್ಮ ಎಫ್‌ಎಸ್‌ಟ್ಯಾಬ್‌ಗೆ ಯುಯುಐಡಿ ಸಾಕು, ಡಿಸ್ಕ್ ನಕಲಿಸುವ ಅಭ್ಯಾಸ ಇಲ್ಲದಿದ್ದರೆ. ಡಿಸ್ಕಿನ ಮೇಲೆ ನೇರವಾಗಿ ಬರೆಯುವ, ಅಳಿಸುವ ಯಾವುದೇ ಸ್ಕ್ರಿಪ್ಟಿನಲ್ಲಿ ಮಾತ್ರ ಬೈ-ಐಡಿಯನ್ನೇ ಬಳಸಿ. ಅಲ್ಲಿನ ಹೆಸರಿನಲ್ಲಿ ತಯಾರಕರು ಕೊಟ್ಟ ಮಾದರಿ ಮತ್ತು ಸೀರಿಯಲ್ ಸಂಖ್ಯೆ, ಅಥವಾ ಡಬ್ಲ್ಯೂಡಬ್ಲ್ಯೂಎನ್ (ಜಗತ್ತಿನಲ್ಲೇ ವಿಶಿಷ್ಟವಾದ ಸಾಧನ ಸಂಖ್ಯೆ) ಇರುತ್ತದೆ, ಅದು ಕೇಬಲ್ ಬದಲಿಸಿದರೂ ಡಿಸ್ಕಿನ ಜೊತೆಗೇ ಹೋಗುತ್ತದೆ. ಯುಎಸ್‌ಬಿ ಪೆಟ್ಟಿಗೆಯೊಳಗೆ ಹಾಕಿದ ಡಿಸ್ಕಿನ ವಿಷಯದಲ್ಲಿ ಎಚ್ಚರವಿರಲಿ, ಏಕೆಂದರೆ ಕೆಲವು ಪೆಟ್ಟಿಗೆಗಳು ಡಿಸ್ಕಿನ ಸೀರಿಯಲ್ ಸಂಖ್ಯೆಯ ಬದಲು ತಮ್ಮದನ್ನೇ ಹೇಳುತ್ತವೆ. ಡಿಡಿಗೆ ಬೈ-ಐಡಿ ಹೆಸರು ಕೊಟ್ಟಾಗ ಇನ್ನೊಂದು ಹೊಂಡವಿದೆ: ಆ ಡಿಸ್ಕ್ ಜೋಡಣೆಯಾಗಿರದಿದ್ದರೆ ಡಿಡಿ ಅದೇ ಹೆಸರಿನ ಸಾಮಾನ್ಯ ಕಡತವನ್ನು ಸೃಷ್ಟಿಸಿ, ಮೆಮೊರಿಯಲ್ಲಿ ಬದುಕಿರುವ /ಡೆವ್ ಅನ್ನು ತುಂಬತೊಡಗುತ್ತದೆ. ‘ಕಾನ್ವ್=ನೋಕ್ರಿಯಾಟ್’ (conv=nocreat) ಸೇರಿಸಿದರೆ ಹಾಗಾಗದೆ ದೋಷ ತೋರಿಸಿ ನಿಲ್ಲುತ್ತದೆ. ನಾನಂತೂ ಬ್ಯಾಕಪ್ಪಿಗೆ ಡಿಡಿಯನ್ನು ಬಿಟ್ಟೇಬಿಟ್ಟೆ. ಹಿಂದಿನ ಪ್ರತಿಗಳನ್ನು ಉಳಿಸಿಕೊಳ್ಳುವ ಕಡತ ಮಟ್ಟದ ಬ್ಯಾಕಪ್ ಇದ್ದಿದ್ದರೆ ಅಂದಿನ ಅದಲುಬದಲು ನನಗೆ ಒಂದು ಗಂಟೆಯ ತಲೆನೋವಾಗಿ ಮುಗಿಯುತ್ತಿತ್ತು.

ಇನ್ನು ನಿಮ್ಮ ಬೂಟ್ ಸಾಲಿನಲ್ಲಿರುವ ‘ರೂಟ್=/ಡೆವ್/ಎಸ್‌ಡಿಎ2’ ಅನ್ನು ಇಂದೇ ಬದಲಿಸಿ. ಅಲ್ಲಿ ಯುಯುಐಡಿ ಕೊಡಬೇಕಾದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಮೆಮೊರಿಯಿಂದ ಓಡುವ ಪುಟ್ಟ ವ್ಯವಸ್ಥೆ) ಇರಬೇಕು, ಏಕೆಂದರೆ ಫೈಲ್ ಸಿಸ್ಟಮ್‌ನ ಯುಯುಐಡಿಯನ್ನು ಹುಡುಕುವ ಕೆಲಸ ಯೂಸರ್‌ಸ್ಪೇಸಿನದು, ಅಂದರೆ ಕರ್ನಲ್‌ನ ಹೊರಗಿನ ಪ್ರೋಗ್ರಾಂಗಳದು, ಕರ್ನಲ್‌ಗೆ ಅದು ತಿಳಿಯದು. ನಿಮ್ಮಲ್ಲಿ ಇನಿಟ್‌ರಾಮ್‌ಎಫ್‌ಎಸ್ ಇಲ್ಲವೆಂದು ಬರೆದಿದ್ದೀರಿ, ಆದ್ದರಿಂದ ಪಾರ್ಟಿಶನ್‌ನ ಗುರುತಾದ ಪಾರ್ಟ್‌ಯುಯುಐಡಿ ಕೊಡಿ. ಪಾರ್ಟಿಶನ್ ಟೇಬಲ್ ಓದುವಾಗಲೇ ಸಿಗುವ ಆ ಸಂಖ್ಯೆಯನ್ನು ಕರ್ನಲ್ ತಾನೇ ಗುರುತಿಸಬಲ್ಲದು.